ಸ್ಟ್ಯಾಂಡರ್ಡ್ ಹೆರಾಲ್ಡ್ ಕಂಪ್ಯಾನಿಯನ್ (ಎಸ್ಟೇಟ್ ಬಾಡಿ) ಎಲ್ಲಾದರೂ ಉಳಿದಿದೆಯಾ? ನೋಡಿದವರು ದಯವಿಟ್ಟು ಹೇಳಿ

ಹಾಸನದ ಹೆರಾಲ್ಡ್

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಗಾಡಿ ಹುಡುಕುತ್ತಿದ್ದೇನೆ. ಸ್ಟ್ಯಾಂಡರ್ಡ್ ಹೆರಾಲ್ಡ್ ಗೊತ್ತಲ್ವಾ, ಮದ್ರಾಸಿನಲ್ಲಿ ಮಾಡುತ್ತಿದ್ದ ಹಳೇ ಕಾರು, ಮುಂದಿನ ಬಾನೆಟ್ಟು ಮಡ್ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಎತ್ತುವ ಗಾಡಿ. ಅದರಲ್ಲೇ ಎಸ್ಟೇಟ್ ಬಾಡಿ ಒಂದು ಬರುತ್ತಿತ್ತು. ಪಕ್ಕಕ್ಕೆ ನಾಲ್ಕು ಬಾಗಿಲು, ಹಿಂದೆ ಡಿಕ್ಕಿ ಬದಲು ಮೇಲಕ್ಕೆ ಎತ್ತುವ ಒಂದು ದೊಡ್ಡ ಬಾಗಿಲು. ಕಂಪ್ಯಾನಿಯನ್ ಅಂತ ಹೆಸರು.

ನಾನು ಸಣ್ಣವನಿದ್ದಾಗ ಸಕಲೇಶಪುರದ ಹತ್ತಿರ ನಮ್ಮೂರಿಗೆ ಬರುತ್ತಿದ್ದ ಡಾಕ್ಟರ ಬಳಿ ಒಂದಿತ್ತು. ತಿಳಿ ನೀಲಿ. ನಮ್ಮಜ್ಜಿ ಜಾರಿ ಬಿದ್ದು ಕಾಲು ಮುರಿದುಕೊಂಡಾಗ ಅವರು ಹಿಂದಿನ ಸೀಟು ಮಡಚಿ, ಅಜ್ಜಿಯನ್ನ ಹಾಸಿಗೆ ಸಮೇತ ಒಳಗೆ ಮಲಗಿಸಿಕೊಂಡು ಹಾಸನಕ್ಕೆ ಹೋದರು. ಹಿಂದಿನ ಬಾಗಿಲು ಎತ್ತಿ ಹಿಡಿದುಕೊಂಡು ನಿಂತಿದ್ದವನು ನಾನೇ. ಅದರ ರಬ್ಬರ್ ಬೀಡಿಂಗ್ ಬಿಸಿಲಿಗೆ ಕರಗಿದಂತಾಗಿ ಅಂಗೈಗೆಲ್ಲ ಕಪ್ಪು ಮೆತ್ತಿತ್ತು. ಅಜ್ಜಿ ವಾಪಸ್ ಬಂದು ಇನ್ನೂ ಹನ್ನೊಂದು ವರ್ಷ ಬದುಕಿದರು. ಆ ಗಾಡಿ ಏನಾಯಿತೋ ಗೊತ್ತಾಗಲಿಲ್ಲ.

ನನ್ನ ಹತ್ತಿರ ಈಗ ಮಾರ್ಕ್ 3 ನಾಲ್ಕು ಬಾಗಿಲಿನ ಹೆರಾಲ್ಡ್ ಇದೆ. ಕಂಪ್ಯಾನಿಯನ್ ಬಗ್ಗೆ ಈವರೆಗೆ ಸಿಕ್ಕಿದ್ದು ಮೂರೇ ಸುಳಿವು. ಚಿಕ್ಕಮಗಳೂರು ಕಡೆ ಒಂದಿತ್ತು, ಹಿಂದಿನ ಅರ್ಧ ಕೊಯ್ದು ಗೊಬ್ಬರ ಹೊಡೆಯಲು ಬಳಸಿ ಕೊನೆಗೆ ಗುಜರಿಗೆ ಹಾಕಿದ್ದಾರೆ. ಮೈಸೂರಿನದು ನೋಡಲು ಹೋದರೆ, ಸಾದಾ ಹೆರಾಲ್ಡ್‌ಗೆ ಯಾರೋ ತಗಡು ಬೆಸೆದು ಉದ್ದ ಮಾಡಿದ್ದು. ಮೂರನೆಯದು ತೀರ್ಥಹಳ್ಳಿ ಹತ್ತಿರ ಅಂತಾರೆ, ಯಾವ ಊರು ಅಂತ ಯಾರೂ ಖಚಿತವಾಗಿ ಹೇಳುತ್ತಿಲ್ಲ.

ಗಾಡಿ, ಫೋಟೋ, ಹಳೇ ಆರ್‌ಸಿ ಬುಕ್, ಒಂದು ಬಾಗಿಲು ಸಿಕ್ಕಿದರೂ ಸರಿ. ಹೇಳಿ.

ತುಂಗಾತೀರ

ಇದಕ್ಕೆ ಇಷ್ಟು ಹುಡುಕಬೇಕಾ ಸಾರ್? ಇದರ ಮೂಲ ಗಾಡಿ ಟ್ರಯಂಫ್ ಹೆರಾಲ್ಡ್, ಅದರ ಎಸ್ಟೇಟ್ ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ. ಬಾಡಿ ಸಾಮಾನೆಲ್ಲ ಅಲ್ಲಿಂದ ತರಿಸಿ ನಿಮ್ಮ ಗಾಡಿಗೇ ಹಾಕಿಸಿಬಿಡಿ.

ಜೆಸಿ ರೋಡ್ ಹುಡುಗ

@ತುಂಗಾತೀರ ಆಗಲ್ಲ ಗುರು. ಅದು ಬೇರೆ, ಇದು ಬೇರೆ.

ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಬಂದಿದ್ದು 1959ರಲ್ಲಿ. ಡಿಸೈನ್ ಮಾಡಿದ್ದು ಇಟಲಿಯ ಮಿಕೆಲೊಟ್ಟಿ. 1961ರಲ್ಲಿ ಅಲ್ಲಿ ಎಸ್ಟೇಟ್ ಬಂತು. ಆದರೆ ಅಲ್ಲಿನ ಹೆರಾಲ್ಡ್ ಯಾವುದೇ ಇರಲಿ, ಸಲೂನ್, ಕೂಪೆ, ಎಸ್ಟೇಟ್, ಪಕ್ಕಕ್ಕೆ ಎರಡೇ ಬಾಗಿಲು. ನಾಲ್ಕು ಬಾಗಿಲು ಅಂತ ಅಲ್ಲಿ ಯಾವತ್ತೂ ಬರಲೇ ಇಲ್ಲ. ನಾಲ್ಕು ಬಾಗಿಲಿನ ಸಲೂನ್, ಐದು ಬಾಗಿಲಿನ ಎಸ್ಟೇಟ್ ಎರಡೂ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ನವರು ನಮ್ಮ ಜನಕ್ಕೆ ಅಂತಲೇ ಮಾಡಿದ್ದು. ನಮ್ಮಲ್ಲಿ ಕಾರು ಅಂದರೆ ಮನೆ ಮಂದಿ ಎಲ್ಲ ಹತ್ತಬೇಕು. ಸೀರೆ ಉಟ್ಟ ಅಮ್ಮಂದಿರು ಮುಂದಿನ ಸೀಟು ಬಗ್ಗಿಸಿ ಹಿಂದಕ್ಕೆ ತೂರಿಕೊಳ್ಳುವುದು ಆಗುವ ಮಾತಾ?

ಎಂಜಿನ್ ಇಲ್ಲಿ ಕೊನೆವರೆಗೂ ಅದೇ 948 ಸಿಸಿ. ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಶನ್ ಸಾಮಾನು ಇವತ್ತಿಗೂ ಇಂಗ್ಲೆಂಡಿನಿಂದ ಆರಾಮಾಗಿ ಬರುತ್ತದೆ. ಹಿಂದಿನ ಪಕ್ಕದ ಬಾಗಿಲು ಮಾತ್ರ ಪ್ರಪಂಚದಲ್ಲಿ ಬೇರೆ ಎಲ್ಲೂ ಇಲ್ಲ. ಅದು ಇಲ್ಲೇ ಹುಟ್ಟಿದ್ದು, ಇಲ್ಲೇ ಹುಡುಕಬೇಕು.

ಕೋವೆಂಟ್ರಿ ಕನ್ನಡಿಗ

ಮೇಲಿನವರು ಹೇಳಿದ್ದು ಸರಿ. ನನ್ನ ಹತ್ತಿರ 1966ರ ಟ್ರಯಂಫ್ 1200 ಎಸ್ಟೇಟ್ ಇದೆ, ಎರಡು ಬಾಗಿಲಿನದು. ಹೆರಾಲ್ಡ್ ತಯಾರಾಗುತ್ತಿದ್ದ ಕ್ಯಾನ್ಲಿ ಇಲ್ಲೇ ಪಕ್ಕದಲ್ಲಿ. ಇಲ್ಲಿ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ ಅಂತ ಒಂದಿದೆ, ಹೆರಾಲ್ಡ್ ಇಟ್ಟುಕೊಂಡವರಿಗೆ ಅದೇ ತವರುಮನೆ. ಅಲ್ಲಿನ ಹಿರಿಯರಿಗೆ ಮದ್ರಾಸಿನ ಐದು ಬಾಗಿಲಿನ ಗಾಡಿಯ ವಿಷಯ ಹೇಳಿದರೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂರುತ್ತಾರೆ. ಫೋಟೋ ಸಿಕ್ಕರೆ ನನಗೂ ಕಳಿಸಿ, ಅವರಿಗೆ ತೋರಿಸುತ್ತೇನೆ.

ಕುಡ್ಲದ ಕಾರು

ನಮ್ಮಜ್ಜನ ಮನೆಯಲ್ಲಿ 1958ರ ಮದುವೆ ಫೋಟೋ ಉಂಟು. ಹಿಂದೆ ಸ್ಟ್ಯಾಂಡರ್ಡ್ ಗಾಡಿ ನಿಂತಿದೆ. ಅಮ್ಮ ಅದನ್ನ ಕಂಪ್ಯಾನಿಯನ್ ಅಂತಲೇ ಹೇಳುವುದು. ಹಾಗಾದರೆ ಅದು ಇಂಡಿಯಾದ ಮೊದಲನೆಯದಾ?

ಜೆಸಿ ರೋಡ್ ಹುಡುಗ

1958ರಲ್ಲಿ ಹೆರಾಲ್ಡ್ ಇಂಗ್ಲೆಂಡಿನಲ್ಲೇ ಹುಟ್ಟಿರಲಿಲ್ಲ. ಕಂಪ್ಯಾನಿಯನ್ ಅನ್ನೋ ಹೆಸರು ಹೆರಾಲ್ಡ್‌ಗಿಂತ ಹಳೇದು, ಅಲ್ಲಿ 1955ರಲ್ಲೇ ಸ್ಟ್ಯಾಂಡರ್ಡ್ ಟೆನ್ ಗಾಡಿಯ ಎಸ್ಟೇಟ್‌ಗೆ ಆ ಹೆಸರು ಇಟ್ಟಿದ್ದರು. ಫೋಟೋದಲ್ಲಿ ಮುಂಭಾಗ ನೋಡಿ. ಬನ್ನು ಥರ ದುಂಡಗಿದ್ದರೆ ಟೆನ್. ಹೆರಾಲ್ಡ್ ಆದರೆ ಗೆರೆ ಎಳೆದ ಹಾಗೆ ಚೂಪಾಗಿರುತ್ತದೆ, ಹೆಡ್‌ಲೈಟ್ ಮೇಲೆ ಹುಬ್ಬು ಇರುತ್ತದೆ.

ಕುಡ್ಲದ ಕಾರು

ದುಂಡಗೆ ಉಂಟು. ಹಿಂಭಾಗ ಫೋಟೋದಲ್ಲಿ ಬಿದ್ದೇ ಇಲ್ಲ ಮಾರಾಯ್ರೆ. ಹೆರಾಲ್ಡ್ ಅಲ್ಲ ಬಿಡಿ.

ಗ್ಯಾರೇಜ್ ಮನೆತನ

ನಮ್ಮಪ್ಪ ತುಮಕೂರಿನಲ್ಲಿ ಮೂವತ್ತೆಂಟು ವರ್ಷ ಗ್ಯಾರೇಜ್ ನಡೆಸಿದವರು. ಅವರ ಹತ್ತಿರ ಕೂತು ಕೇಳಿ ಬರೆಯುತ್ತಿದ್ದೇನೆ.

ಹೆರಾಲ್ಡ್ ಬಾಡಿ ಒಂದೇ ಚಿಪ್ಪಲ್ಲ. ಕೆಳಗೆ ಬೇರೆ ಚಾಸಿ, ಅದರ ಮೇಲೆ ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂರಿಸಿದ ಬಾಡಿ. ಟಾಪ್ ಕೂಡ ಬೋಲ್ಟ್ ಬಿಚ್ಚಿದರೆ ಎತ್ತಿಡಬಹುದು. ಅದಕ್ಕೇ ಎಷ್ಟೋ ಜನ ಟಾಪ್ ತೆಗೆಸಿ ಓಪನ್ ಕಾರು ಮಾಡಿಕೊಂಡರು. ಮದುವೆ ಮೆರವಣಿಗೆಗೆ ಓಡಾಡುವ ಹೆರಾಲ್ಡ್‌ಗಳಲ್ಲಿ ಅರ್ಧಕ್ಕರ್ಧ ಮೊದಲು ಸಲೂನ್ ಆಗಿದ್ದವೇ. ಎಸ್ಟೇಟ್‌ಗಳಿಗೆ ಅದಕ್ಕಿಂತ ಕೆಟ್ಟ ಗತಿ. ಸಾಮಾನು ಹೊಡೆಯುವ ಗಾಡಿ ಅಂತ ತಗೊಂಡವರು ಕೊನೆವರೆಗೂ ಸಾಮಾನೇ ಹೊಡೆದರು. ಸಿಮೆಂಟು, ಪಾತ್ರೆ, ಶಾಮಿಯಾನ, ಹಾಲಿನ ಕ್ಯಾನು. ಯಾರೂ ಅದನ್ನ ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಇಡಲಿಲ್ಲ.

ನಿಜವಾದ ಎಸ್ಟೇಟಾ, ಬೆಸುಗೆಯದಾ ಅಂತ ನೋಡಲು ಅಪ್ಪ ಹೇಳೋದು ಇದು. ಹಿಂದಿನ ಬಾಗಿಲು ಎತ್ತಿ ನೆಲ ನೋಡಿ. ಕಂಪನಿಯದಾದರೆ ನೆಲದ ಮಟ್ಟದವರೆಗೂ ಬಾಯಿ ತೆರೆದಿರುತ್ತದೆ. ಸಲೂನನ್ನ ಉದ್ದ ಮಾಡಿದ್ದಾದರೆ ಹಳೇ ಡಿಕ್ಕಿಯ ಹೊಸ್ತಿಲು ಎಲ್ಲೋ ಒಂದು ಕಡೆ ಎದ್ದು ಕಾಣುತ್ತದೆ. ಆಮೇಲೆ ಒಳಗಿನಿಂದ ಟಾಪಿನ ಅಂಚಿಗೆ ಬೆರಳು ಆಡಿಸಿ. ಗ್ಯಾಸ್ ಬೆಸುಗೆ ಉಬ್ಬು ಕೈಗೆ ಸಿಕ್ಕೇ ಸಿಗುತ್ತದೆ, ಎಷ್ಟೇ ಪುಟ್ಟಿ ಹಾಕಿ ಉಜ್ಜಿದ್ದರೂ.

ಹಾಸನದ ಹೆರಾಲ್ಡ್

@ಗ್ಯಾರೇಜ್ ಮನೆತನ ಮೈಸೂರಿನ ಗಾಡಿಯಲ್ಲಿ ಇದೇ ಆಗಿತ್ತು. ಹೊಸ್ತಿಲು ಒಂದು ಗೇಣು ಎತ್ತರಕ್ಕಿತ್ತು, ಆವಾಗ ನನಗೆ ಅದು ಹೊಳೆಯಲಿಲ್ಲ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಅವರ ಕೈಯಲ್ಲಿ ಕಂಪ್ಯಾನಿಯನ್ ಬಂದಿತ್ತಾ?

ಗ್ಯಾರೇಜ್ ಮನೆತನ

ಎರಡು ಬಂದಿದ್ದವಂತೆ. ಒಂದು ಶಿರಾ ಕಡೆಯ ಎಣ್ಣೆ ವ್ಯಾಪಾರಿಯದು, ಇನ್ನೊಂದನ್ನ ಆಂಬುಲೆನ್ಸ್ ಮಾಡಿದ್ದರಂತೆ. ಎರಡೂ ಹಿಂದಿನ ಟೈರು ಸವೆಯುತ್ತೆ ಅಂತಲೇ ಬರುತ್ತಿದ್ದವು. ಹೆರಾಲ್ಡ್ ಹಿಂದೆ ಅಡ್ಡ ಪ್ಲೇಟು (ಸ್ಪ್ರಿಂಗು), ಸ್ವಿಂಗ್ ಆಕ್ಸಲ್, ಅಂದರೆ ಎರಡು ಚಕ್ರವೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವ ಆಕ್ಸಲ್. ಜಾಸ್ತಿ ಲೋಡ್ ಹಾಕಿದರೆ ಚಕ್ರ ಎರಡೂ ಕಾಲು ಚಾಚಿದ ಹಾಗೆ ಓರೆಯಾಗಿ ಒಳಮೈ ಸವೆಯುತ್ತದೆ.

ಅಂಬಾಸಿಡರ್ ಅಭಿಮಾನಿ

ಅದಕ್ಕೇ ಹೇಳೋದು, ಹೆರಾಲ್ಡ್ ನಮ್ಮ ರಸ್ತೆಗೆ ಆಗಿಬರದ ಗಾಡಿ. ಅಂಬಾಸಿಡರ್ ಹಿಂದೆ ಎಂಟು ಜನ ಕೂತರೂ ಅಲ್ಲಾಡುತ್ತಿರಲಿಲ್ಲ. ಜನ ಸುಮ್ನೆ ಬಿಟ್ಟುಬಿಟ್ಟರಾ ಇದನ್ನ?

ಮಲೆನಾಡ ಮಂಜು

ಆಗಿಬರದ ಗಾಡಿ ಅಂತ ನೀವು ಹೇಳ್ತೀರಿ, ಆಗುಂಬೆ ಘಾಟಿ ಹತ್ತಿಸಿ ನೋಡಿದ್ದೀರಾ? ಹೆರಾಲ್ಡ್ 25 ಅಡಿ ಜಾಗದಲ್ಲಿ ಪೂರ್ತಿ ಸುತ್ತು ತಿರುಗುತ್ತಿತ್ತು. ಅಂಬಾಸಿಡರ್‌ನವರು ಹೇರ್‌ಪಿನ್ ತಿರುವಿನಲ್ಲಿ ಹಿಂದೆ ಮುಂದೆ ಮಾಡುತ್ತಿದ್ದಾಗ ಇದು ಒಂದೇ ಏಟಿಗೆ ತಿರುಗಿ ಹೋಗುತ್ತಿತ್ತು. ನಮ್ಮ ಮಾವ ಹದಿನಾರು ವರ್ಷ ಓಡಿಸಿದ್ದಾರೆ. ಎಂಜಿನ್ ಕೆಲಸ ಇದ್ದರೆ ಬಾನೆಟ್ ಎತ್ತಿ ಮುಂದಿನ ಟೈರಿನ ಮೇಲೇ ಕೂತು ಮಾಡುತ್ತಿದ್ದರು. ಅಷ್ಟು ಅನುಕೂಲ ಬೇರೆ ಯಾವ ಕಾರಿನಲ್ಲಿತ್ತು ಹೇಳಿ.

ಅಂಬಾಸಿಡರ್ ಅಭಿಮಾನಿ

ತಿರುಗುವುದರಲ್ಲಿ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಕಂಪನಿಯವರೇ ಹೆರಾಲ್ಡ್ ಆದಮೇಲೆ ಗೆಜೆಲ್ ಅನ್ನೋ ಕಾರು ಮಾಡುವಾಗ ಸ್ವಿಂಗ್ ಆಕ್ಸಲ್ ತೆಗೆದು ಸಾದಾ ಗಟ್ಟಿ ಆಕ್ಸಲ್ ಹಾಕಿದರಲ್ಲ. ಮೆಕ್ಯಾನಿಕ್‌ಗಳಿಗೂ ಜನಕ್ಕೂ ಹಿಡಿಸಿರಲಿಲ್ಲ ಅಂತ ಅವರಿಗೂ ಗೊತ್ತಿತ್ತು.

ಮಲೆನಾಡ ಮಂಜು

ಗೆಜೆಲ್ ಬಂದಿದ್ದು 1972ರಲ್ಲಿ, 1977ಕ್ಕೆ ನಿಂತುಹೋಯಿತು. ಗಟ್ಟಿ ಆಕ್ಸಲ್ ಇದ್ದೂ ಉಳಿಯಲಿಲ್ಲವಲ್ಲ. ದೋಷ ಆಕ್ಸಲ್‌ದಲ್ಲ. ಮಾಡುತ್ತಿದ್ದುದೇ ಕಮ್ಮಿ, ಸಾಮಾನು ಎಲ್ಲ ಊರಲ್ಲೂ ಸಿಗುತ್ತಿರಲಿಲ್ಲ. ಫಿಯೆಟ್‌ಗೆ ಕೊಪ್ಪದಲ್ಲೂ ಬ್ರೇಕ್ ವಾಷರ್ ಸಿಗುತ್ತಿತ್ತು. ಹೆರಾಲ್ಡ್‌ಗೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಬೇಕಿತ್ತು.

ವಂಡಲೂರು ವಾಸಿ

ಚೆನ್ನೈನಲ್ಲಿರುವ ಕನ್ನಡಿಗ ನಾನು. ಕಾರ್ಖಾನೆ ಇದ್ದಿದ್ದು ಇಲ್ಲೇ ವಂಡಲೂರಿನಲ್ಲಿ. 1985ರಲ್ಲಿ ಇಂಗ್ಲೆಂಡಿನ ರೋವರ್ ಕಾರಿನ ಬಾಡಿಗೆ ಸ್ಟ್ಯಾಂಡರ್ಡ್‌ನವರ ಹಳೇ ವ್ಯಾನ್‌ಗಾರ್ಡ್ ಕಾರಿನ ಕಾಲದ ಎಂಜಿನ್ ತಿದ್ದಿ ಕೂರಿಸಿ ಸ್ಟ್ಯಾಂಡರ್ಡ್ 2000 ಅಂತ ತಂದರು, ಅದು ಕೈಕೊಟ್ಟಿತು, 1988ಕ್ಕೆ ಬಾಗಿಲು ಹಾಕಿದರು. ಹಳೇ ಸಾಮಾನು ಬೇಕೆಂದರೆ ಇಲ್ಲಿನ ಗುಜರಿ ಸಾಮಾನಿನ ಪೇಟೆ ಪುದುಪೇಟೆಗೆ ಬನ್ನಿ. ಆದರೆ 'ಕಂಪ್ಯಾನಿಯನ್' ಅಂತ ಕೇಳಬೇಡಿ, ಯಾರಿಗೂ ಅರ್ಥ ಆಗಲ್ಲ. 'ಹೆರಾಲ್ಡ್ ವ್ಯಾನ್' ಅಂತ ಕೇಳಿ. ನಾನು ಹಾಗೆ ಕೇಳಿದ ಮೇಲೇ ಒಬ್ಬರು ಒಳಗಿನಿಂದ ಹಿಂದಿನ ಬಾಗಿಲಿನ ಒಂದು ಹಿಂಜು ತಂದು ತೋರಿಸಿದರು.

ಹಾಸನದ ಹೆರಾಲ್ಡ್

ಇದು ಬಹಳ ಉಪಯೋಗದ ಮಾತು. ನಾನು ಇಷ್ಟು ದಿನ ಎಲ್ಲ ಕಡೆ ಕಂಪ್ಯಾನಿಯನ್, ಎಸ್ಟೇಟ್ ಅಂತಲೇ ಕೇಳುತ್ತಿದ್ದೆ. ಆ ಹಿಂಜು ಇನ್ನೂ ಇದೆಯಾ ನೋಡಿ ಅಣ್ಣ, ನಾನು ತಗೊಳ್ತೀನಿ.

ಆರ್‌ಟಿಒ ಅನುಭವಿ

ಒಂದು ಎಚ್ಚರಿಕೆ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷ ಚಾಲ್ತಿ, ದಿನನಿತ್ಯ ಓಡಿಸುವ ಹಾಗಿಲ್ಲ. ಮುಖ್ಯ ಏನೆಂದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಯಿಸಿರಬಾರದು. ಸಲೂನ್‌ಗೆ ಎಸ್ಟೇಟ್ ಟಾಪ್ ಹಾಕಿಸಿಕೊಂಡು ಹೋದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಯಾವುದೇ ಗಾಡಿ ಸಿಕ್ಕರೂ ಮೊದಲು ಹಳೇ ಆರ್‌ಸಿ ಬುಕ್ ಕೇಳಿ. ಬಾಡಿ ಯಾವ ಥರದ್ದು ಅಂತ ಅದರಲ್ಲಿ ಕೈಬರಹದಲ್ಲಿ ಬರೆದಿರುತ್ತದೆ. ಗಾಡಿಗಿಂತ ಆ ಒಂದು ಸಾಲು ಮುಖ್ಯ.

ತುಂಗಾತೀರ

ಅಂದರೆ ನನ್ನ ಮೊದಲಿನ ಸಲಹೆ ಎರಡು ಲೆಕ್ಕದಲ್ಲೂ ತಪ್ಪು. ಕ್ಷಮಿಸಿ. ತೀರ್ಥಹಳ್ಳಿ ನಮಗೆ ಹತ್ತಿರ, ನಾನೇ ಒಂದು ಸಲ ವಿಚಾರಿಸಿ ಬರುತ್ತೇನೆ. ಹೆರಾಲ್ಡ್ ವ್ಯಾನ್ ಅಂತಲೇ ಕೇಳ್ತೀನಿ.

ಕಾರ್ ಪಯಣಿಗ

ಶ್ರೀರಂಗಪಟ್ಟಣದ ಹತ್ತಿರ ಪಯಣ ಮ್ಯೂಸಿಯಂ ಇದೆಯಲ್ಲ, ಧರ್ಮಸ್ಥಳದವರದ್ದು, ಮತ್ತೆ ಧರ್ಮಸ್ಥಳದಲ್ಲೇ ಇರುವ ಕಾರ್ ಮ್ಯೂಸಿಯಂ. ಅಲ್ಲಿ ವಿಚಾರಿಸಿದಿರಾ? ಹಳೇ ಗಾಡಿ ಕೊಡುವವರು ಬಹಳ ಜನ ಅಲ್ಲಿಗೇ ಕೊಡುತ್ತಾರೆ.

ಹಾಸನದ ಹೆರಾಲ್ಡ್

ಎರಡೂ ಕಡೆ ಹೋಗಿ ಮನಸಾರೆ ನೋಡಿ ಬಂದಿದ್ದೇನೆ. ಹುಡುಕುತ್ತಿರುವುದು ಕಣ್ಣಿಗೆ ಬೀಳಲಿಲ್ಲ.

ಗ್ರೀಸ್ ಗಣಪ

ವಿಷಯ ಸ್ವಲ್ಪ ಬೇರೆ. ಮಾರ್ಕ್ 3 ಓಡಿಸುತ್ತಿದ್ದೀರಲ್ಲ, ಮುಂದಿನ ಟ್ರನಿಯನ್‌ಗೆ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗುವ ಕೆಳಗಿನ ಕೀಲು) ಏನು ಹಾಕುತ್ತೀರಿ? ನಾನು ಗ್ರೀಸ್ ಹೊಡೆಸುತ್ತೇನೆ.

ಜೆಸಿ ರೋಡ್ ಹುಡುಗ

ಗ್ರೀಸ್ ಬೇಡವೇ ಬೇಡ! ಗೇರ್ ಆಯಿಲ್, 90 ನಂಬರಿಂದು. ಗ್ರೀಸ್ ಗಟ್ಟಿಯಾಗಿ ಕೂತು ಕೆಳಗಿನ ಥ್ರೆಡ್ಡಿಗೆ ಇಳಿಯುವುದೇ ಇಲ್ಲ, ಒಳಗೊಳಗೇ ತುಕ್ಕು ಹಿಡಿಯುತ್ತದೆ. ಒಂದು ದಿನ ಚಕ್ರ ಹಿಡಿದಿರುವ ನೆಟ್ಟಗಿನ ಲಿಂಕ್ ಮುರಿದು ಚಕ್ರ ಮಗುಚಿಕೊಳ್ಳುತ್ತದೆ. ಹೆರಾಲ್ಡ್ ಕೆಟ್ಟ ಗಾಡಿ ಅಂತ ಹೆಸರು ಬಂದಿದ್ದರಲ್ಲಿ ಮುಕ್ಕಾಲು ಪಾಲು ಈ ಒಂದು ತಪ್ಪಿನಿಂದ.

ಗ್ರೀಸ್ ಗಣಪ

ಒಂಬತ್ತು ವರ್ಷದಿಂದ ಗ್ರೀಸೇ. ಏನೂ ಆಗಿಲ್ಲ.

ಕೋವೆಂಟ್ರಿ ಕನ್ನಡಿಗ

ಆಗುವವರೆಗೂ ಏನೂ ಆಗಲ್ಲ ಸಾರ್. ಇಲ್ಲಿ ಕ್ಲಬ್ಬಿನಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ದಯವಿಟ್ಟು ಈ ವಾರವೇ ಬಿಚ್ಚಿಸಿ ನೋಡಿ, ಮನೆಯವರನ್ನ ಕೂರಿಸಿಕೊಂಡು ಓಡಿಸುವ ಗಾಡಿ.

ಪುತ್ತೂರಿನ ಪಾಟಿ

ತಡವಾಗಿ ಓದಿದೆ. ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ, ಗಾಡಿ ನನ್ನದಲ್ಲ. ನಮ್ಮ ದೊಡ್ಡಮ್ಮನ ಮನೆಯ ಅಡಿಕೆ ಕೊಟ್ಟಿಗೆಯಲ್ಲಿ ಒಂದು ಹಳೇ ಗಾಡಿ ಉಂಟು. ಮನೆಯಲ್ಲಿ ಅದಕ್ಕೆ 'ವ್ಯಾನು' ಅಂತಲೇ ಹೇಳುವುದು, ಹಾಗಾಗಿ ಮೇಲಿನ ಮಾತು ಓದಿ ತಲೆಗೆ ಹೋಯಿತು. ಮೇಲೆ ಗೋಣಿ, ಸೋಗೆ, ಹಳೇ ಏಣಿ ಎಲ್ಲ ಹೇರಿದ್ದಾರೆ. ಬಾನೆಟ್ಟು ಮುಂದಕ್ಕೆ ಎತ್ತುವುದು ಹೌದು, ಸಣ್ಣದಿರುವಾಗ ನಾವು ಅದರೊಳಗೆ ಅಡಗಿ ಕೂರುತ್ತಿದ್ದೆವು.

ಹಾಸನದ ಹೆರಾಲ್ಡ್

ಪುಣ್ಯಾತ್ಮರೇ, ಪಕ್ಕಕ್ಕೆ ಎಷ್ಟು ಬಾಗಿಲು? ಹಿಂದಿನ ಬಾಗಿಲು ಎತ್ತಿದರೆ ನೆಲ ಮಟ್ಟ ಇದೆಯಾ, ಹೊಸ್ತಿಲು ಇದೆಯಾ? ಬಾನೆಟ್ ಒಳಗೆ ಎಂಜಿನ್ ಹಿಂದಿನ ಗೋಡೆಗೆ ಒಂದು ಸಣ್ಣ ತಗಡಿನ ಪ್ಲೇಟು ಬಡಿದಿರುತ್ತದೆ, ಅದನ್ನೂ ನೋಡಿ. ಸೀಮೆಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಉಜ್ಜುಕಾಗದ ಮುಟ್ಟಿಸಬೇಡಿ.

ಗ್ಯಾರೇಜ್ ಮನೆತನ

ಅಪ್ಪ ಹೇಳ್ತಿದ್ದಾರೆ, ಜಾಕ್ ಹಾಕಬೇಡಿ, ಟ್ರ್ಯಾಕ್ಟರ್ ಕಟ್ಟಿ ಎಳೆಯಲೇಬೇಡಿ. ಚಾಸಿಯ ಪಕ್ಕದ ಕೈಗಳು ತುಕ್ಕು ತಿಂದಿದ್ದರೆ ಬಾಡಿ ಅಲ್ಲೇ ನಡುಮುರಿದು ಕೂರುತ್ತದೆ. ತೆಗೆಯುವ ದಿನ ಬಂದರೆ ಮೊದಲು ಬಾಗಿಲಿನ ಬಾಯಿಗೆ ಅಡ್ಡ ಪಟ್ಟಿ ಬೆಸೆದು, ಆಮೇಲೆ ಎತ್ತಬೇಕು.

ಪುತ್ತೂರಿನ ಪಾಟಿ

ಇವತ್ತು ಹೋಗಿದ್ದೆ. ಸಾಮಾನು ಇಳಿಸಲಿಕ್ಕೇ ಎರಡು ಗಂಟೆ.

ಪಕ್ಕಕ್ಕೆ ನಾಲ್ಕು ಬಾಗಿಲು. ಹಿಂದಿನ ದೊಡ್ಡ ಬಾಗಿಲು ಮೇಲಿನ ಹಿಂಜಿನಲ್ಲೇ ನಿಂತಿದೆ, ಎತ್ತಿದರೆ ಅರ್ಧದವರೆಗೆ ಬಂತು, ಆಮೇಲೆ ಬಿಗಿ. ನೆಲ ಮಟ್ಟ ಉಂಟು, ಹೊಸ್ತಿಲು ಇಲ್ಲ. ಟಾಪಿನ ಒಳ ಅಂಚಿಗೆ ಬೆರಳು ಆಡಿಸಿದೆ, ಉಬ್ಬು ಎಲ್ಲೂ ಸಿಗಲಿಲ್ಲ. ಹಿಂದಿನ ಗಾಜು ಒಡೆದಿದೆ, ಅಲ್ಲಿ ಅಡಿಕೆ ಹಾಳೆ ಕತ್ತರಿಸಿ ಕೂರಿಸಿದ್ದಾರೆ. ಎಂಜಿನ್ ಇಲ್ಲ. ದೊಡ್ಡಪ್ಪ ಬಿಚ್ಚಿ ಇನ್ನೊಂದು ಹೆರಾಲ್ಡ್‌ಗೆ ಕೊಟ್ಟಿದ್ದರಂತೆ. ನೆಲದಲ್ಲಿ ಡ್ರೈವರ್ ಕಾಲಿನ ಹತ್ತಿರ ತೂತು, ಅದರಿಂದ ಒಂದು ಬಳ್ಳಿ ಮೇಲೆ ಬಂದು ಸ್ಟೀರಿಂಗ್ ಸುತ್ತಿದೆ. ಪ್ಲೇಟು ಇದೆ, ಅಕ್ಷರ ಮಾಸಿದೆ. ನಂಬರು ಎಂವೈ ಇಂದ ಶುರು, ಮೈಸೂರು ರಾಜ್ಯದ ಕಾಲದ್ದು.

ದೊಡ್ಡಮ್ಮ ಟ್ರಂಕಿನಿಂದ ಆರ್‌ಸಿ ಬುಕ್ ತೆಗೆದುಕೊಟ್ಟರು. ಮೂಲೆ ಗೆದ್ದಲು ತಿಂದಿದೆ. ಬಾಡಿಯ ಎದುರಿಗೆ ನೀಲಿ ಶಾಯಿಯಲ್ಲಿ 'ಸ್ಟೇಷನ್ ವ್ಯಾಗನ್' ಅಂತ ಬರೆದಿದ್ದಾರೆ.

ಆರ್‌ಟಿಒ ಅನುಭವಿ

ಆ ಪುಟದ ಫೋಟೋ ಈಗಲೇ ತೆಗೆದಿಡಿ. ಬುಕ್ಕನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ, ಲ್ಯಾಮಿನೇಟ್ ಮಾಡಿಸಬೇಡಿ.

ಜೆಸಿ ರೋಡ್ ಹುಡುಗ

ಮೈ ಜುಮ್ ಅಂತು. ಇದು ಅಸಲಿ.

ಹಾಸನದ ಹೆರಾಲ್ಡ್

ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ದೊಡ್ಡಮ್ಮ ಕೊಡುವುದಾದರೆ ಅವರು ಹೇಳಿದ ಬೆಲೆಗೆ ತಗೊಳ್ತೀನಿ. ಕೊಡದಿದ್ದರೂ ಒಂದು ಸಲ ಬಂದು ನೋಡಬಹುದಾ ಅಂತ ಕೇಳಿ.

ಪುತ್ತೂರಿನ ಪಾಟಿ

ಕೇಳಿದೆ. ಕೊಡುವುದಿಲ್ಲ ಅಂದರು. ದೊಡ್ಡಪ್ಪ ಮೊದಲು ತಂದ ಗಾಡಿ, ಹೆರಿಗೆಗೆ ಅದರಲ್ಲೇ ಹೋದದ್ದಂತೆ. ಆದರೆ ನಿಮ್ಮಜ್ಜಿಯ ವಿಷಯ ಓದಿ ಹೇಳಿದೆ. ಊಟಕ್ಕೆ ಬರಲಿಕ್ಕೆ ಹೇಳು ಅಂದರು. ಇಲ್ಲೇ ಇಟ್ಟು ಸರಿ ಮಾಡುವುದಾದರೆ ಮಾಡಲಿ, ಕೊಟ್ಟಿಗೆಯಿಂದ ಆಚೆ ತೋಟದ ಮನೆಗೆ ಹಾಕೋಣ, ಅಲ್ಲಿ ಸೋರುವುದಿಲ್ಲ ಅಂತಲೂ ಹೇಳಿದರು.

ಅಂಬಾಸಿಡರ್ ಅಭಿಮಾನಿ

ಅಲ್ಲೇ ಇಟ್ಟು ಮಾಡುವುದೇ ಸರಿ. ನಾನೂ ಎರಡು ದಿನ ಕೈ ಜೋಡಿಸುತ್ತೇನೆ, ತುಕ್ಕು ಕೆರೆಯುವ ಕೆಲಸ ಕೊಟ್ಟರೂ ಆಗಬಹುದು.

ವಂಡಲೂರು ವಾಸಿ

ಪುದುಪೇಟೆ ಹಿಂಜು ಇನ್ನೂ ಇದೆ, ಮುಂಗಡ ಕೊಟ್ಟು ಬಂದೆ. 948 ಎಂಜಿನ್ ಒಂದರ ಬಗ್ಗೆಯೂ ಕೇಳಿದ್ದೇನೆ.

ಕೋವೆಂಟ್ರಿ ಕನ್ನಡಿಗ

ಹಿಂದಿನ ಗಾಜು ನಮ್ಮ ಎಸ್ಟೇಟಿನದೇ ಕೂರಬಹುದಾ ನೋಡಬೇಕು. ಕೂತರೆ ಇಲ್ಲಿ ಹುಡುಕಿ ಕಳಿಸುವುದು ನನ್ನ ಜವಾಬ್ದಾರಿ. ಪಟ್ಟಿ ಹಿಡಿದು ಅಳತೆ ಹೇಳಿದರೆ ಸಾಲದು, ಮೂಲೆಗಳ ಬಾಗು ತಪ್ಪುತ್ತದೆ. ನಾನು ಶನಿವಾರ ನನ್ನ ಗಾಡಿಯ ಗಾಜಿನ ಆಕಾರಕ್ಕೆ ದಪ್ಪ ರಟ್ಟು ಕತ್ತರಿಸಿ, ಮೇಲಂಚು ಕೆಳಂಚು ಅಂತ ಕನ್ನಡದಲ್ಲೇ ಬರೆದು ಪೋಸ್ಟ್ ಮಾಡುತ್ತೇನೆ. ಯಾವ ವಿಳಾಸಕ್ಕೆ ಅಂತ ಖಾಸಗಿಯಾಗಿ ತಿಳಿಸಿ.

ಪುತ್ತೂರಿನ ಪಾಟಿ

ತಿಳಿಸಿದ್ದೇನೆ. ರಟ್ಟು ಬರುವವರೆಗೆ ಹಾಳೆ ಹಾಗೇ ಇರಲಿ ಅಲ್ವಾ?

ಗ್ಯಾರೇಜ್ ಮನೆತನ

ಹಾಳೆ ಇರಲಿ, ಅದರ ಸುತ್ತ ಉಳಿದಿರುವ ಹಳೇ ರಬ್ಬರ್ ಬೀಡಿಂಗ್ ಕೀಳಬೇಡಿ. ಒಂದು ಗೇಣು ಸಿಕ್ಕರೂ ಸಾಕು, ಅದನ್ನ ತೋರಿಸಿ ಅದೇ ಅಚ್ಚಿನದು ಮಾಡಿಸಬಹುದು.

ತುಂಗಾತೀರ

ತೀರ್ಥಹಳ್ಳಿಗೆ ಹೋಗಿ ಬಂದೆ. ಮೂರು ಊರು ಸುತ್ತಿದೆ. ಹೆರಾಲ್ಡ್ ವ್ಯಾನ್ ಅಂದ ಕೂಡಲೇ ಒಬ್ಬ ಅಜ್ಜ ಎದ್ದು ನಿಂತು, "ಬಿಳೀದಾ, ನೀಲೀದಾ?" ಅಂತ ಕೇಳಿದರು. ನಾಳೆ ಬೆಳಿಗ್ಗೆ ಮತ್ತೆ ಅವರ ಮನೆಗೆ ಹೋಗುತ್ತಿದ್ದೇನೆ.